ಕೆಂಪು ಕಿಡಿ, ನೀಲಿ ಕಿಡಿ



"ಸಾರ್, ಈ ಸಲ ಗೋಡೆ ಪತ್ರಿಕೆಗೆ ನೀವೂ ಒಂದು ಬರ್ಕೊಡ್ಲೇಬೇಕು" ಎಂದು ಸಂಪಾದಕ ಮಂಡಳಿಯವರು ಮೂರು ದಿನದಿಂದ ನನ್ನ ಬೆನ್ನು ಬಿದ್ದಿದ್ದಾರೆ. ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನೀವೇ ಒಂದು ವಿಷಯ ಒದಗಿಸಿಕೊಟ್ಟಿರಿ.

ಹೋದ ವಾರ ವಿಜ್ಞಾನದ ಬೀರು ತೆಗೆದು ನೋಡಿದರೆ ಗ್ಯಾಲ್ವನೋಮೀಟರಿನ ಮುಳ್ಳು ಬಾಗಿ ಹೋಗಿತ್ತು. "ಯಾರು ಮುಟ್ಟಿದ್ರಿ?" ಎಂದು ಕೇಳಿದೆ. ಇಡೀ ತರಗತಿ ನೆಲ ನೋಡಿತು. ನಾನು ಬೈಯುತ್ತೇನೆ, ಮಂಡಿಯೂರಿಸುತ್ತೇನೆ ಎಂದು ನೀವು ಕಾದಿರಿ. ನಾನು ಬೀರು ಮುಚ್ಚಿ ಪಾಠ ಶುರು ಮಾಡಿದೆ. ಆಮೇಲೆ ನಿಮ್ಮಲ್ಲಿ ಕೆಲವರು "ಸಾರ್ ಯಾಕೆ ಏನೂ ಅನ್ನಲಿಲ್ಲ?" ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಯಾಕೆ ಅನ್ನಲಿಲ್ಲ ಎಂಬುದನ್ನೇ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ಊಟದ ಬೆಲ್ಲು ಹೊಡೆದರೆ ಅರ್ಧಕ್ಕೇ ಬಿಟ್ಟು ಹೋಗಿ, ನಾಳೆ ಬಂದು ಉಳಿದದ್ದು ಓದಿ.

ಇದು 1994ರ ಮಾರ್ಚ್ ತಿಂಗಳ ಮಾತು. ಆಗ ನಾನು ಒಂಬತ್ತನೇ ತರಗತಿ. ನಮ್ಮ ಅಪ್ಪನಿಗೆ ಹೊಳೆ ದಂಡೆಯ ಮೇಲೆ ಇಪ್ಪತ್ತು ಗುಂಟೆ ಜಮೀನಿತ್ತು. ನಾಲೆ ನೀರು ಹತ್ತದ ಎತ್ತರದ ತಾಕು. ಅಲ್ಲಿಗೆ ಕರೆಂಟು ಕಂಬವೂ ಬಂದಿರಲಿಲ್ಲ. ಕೆಳಗೆ ಕಾವೇರಿ ಹರಿಯುತ್ತಿದ್ದಳು, ಮೇಲೆ ನಮ್ಮ ಗದ್ದೆ ಬಾಯಿ ಬಿಡುತ್ತಿತ್ತು. ನೀರೆತ್ತುವುದಕ್ಕೆ ಇದ್ದದ್ದು ಒಂದು ಸೀಮೆಎಣ್ಣೆ ಎಂಜಿನ್ನು.

ಆ ಎಂಜಿನ್ನನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರಿರಿ. ಒಂದೇ ಸಿಲಿಂಡರು. ಮೇಲೆ ಎರಡು ಟ್ಯಾಂಕು, ಸಣ್ಣದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆ ಅಗ್ಗ, ಆದರೆ ತಣ್ಣಗಿರುವ ಎಂಜಿನ್ನಿನಲ್ಲಿ ಅದು ಸರಿಯಾಗಿ ಆವಿಯಾಗುವುದಿಲ್ಲ, ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು. ಪುಲ್ಲಿಗೆ ಹಗ್ಗ ಸುತ್ತಿ, ಕಾಲು ಗಟ್ಟಿಯಾಗಿ ಊರಿ, ಜೋರಾಗಿ ಎಳೆಯಬೇಕು. ಎಂಜಿನ್ನು ಕಾಯ್ದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಒಂದು ಗಳಿಗೆ ಓಡಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು, ಮಾರನೇ ದಿನ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದು ಹೋಗುತ್ತದೆ.

ಆ ಬೇಸಿಗೆ ಅಪ್ಪ ಧೈರ್ಯ ಮಾಡಿ ಬತ್ತ ಹಾಕಿದ್ದರು. "ಬೇಸ್ಗೇಲಿ ಎಂಜಿನ್ ನಂಬ್ಕೊಂಡು ಬತ್ತ ಹಾಕ್ಬ್ಯಾಡ ಕಣಪ್ಪ" ಎಂದು ಊರಿನ ಹಿರಿಯರು ಹೇಳಿದ್ದರು. ಮನೆಗೆ ಊಟದ ಬತ್ತವಾದರೂ ಆಗಲಿ ಎಂದು ಅಪ್ಪ ಕೇಳಲಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಪೈರು ಹೊಡೆಗೆ ಬಂದಿತ್ತು. ಹೊಡೆ ಬತ್ತಕ್ಕೆ ನೀರು ತಪ್ಪಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತೆನೆ ಬರುತ್ತದೆ, ತೆನೆಯೊಳಗೆ ಕಾಳು ಇರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು ಕಟ್ಟುತ್ತಿದ್ದೆವು.

ಆ ತಿಂಗಳಿಡೀ ಎಂಜಿನ್ನು ಹಟ ಮಾಡುತ್ತಿತ್ತು. ಮೊದಲೆಲ್ಲ ಎರಡು ಎಳೆತಕ್ಕೆ ಹೊತ್ತಿಕೊಳ್ಳುತ್ತಿದ್ದದ್ದು ಹತ್ತಾಯಿತು, ಹದಿನೈದಾಯಿತು. ನನಗೋ ಎಂಜಿನ್ನು ಎಂದರೆ ಪ್ರಾಣ. ಹಿಂದಿನ ವರ್ಷ ಒಬ್ಬ ಮೆಕ್ಯಾನಿಕ್ ಬಂದು ರಿಪೇರಿ ಮಾಡಿದಾಗ ಬಗ್ಗಿ ಬಗ್ಗಿ ನೋಡಿದ್ದೆ. ಫ್ಲೈವೀಲ್ ಚಕ್ರದಲ್ಲಿ ಒಂದು ಕಿಟಕಿ ಇದೆ, ಅದರೊಳಗೆ ಎರಡು ಪುಟ್ಟ ಬಿಲ್ಲೆ ಮುಟ್ಟಿ ಬಿಟ್ಟು ಮಾಡುತ್ತವೆ, ಅದಕ್ಕೆ ಪಾಯಿಂಟ್ ಅನ್ನುತ್ತಾರೆ, ಅದನ್ನು ಉಜ್ಜಿದರೆ ಎಂಜಿನ್ನು ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. ಅರ್ಧ ಕಲಿತವನ ಧೈರ್ಯ ಪೂರಾ ಕಲಿತವನಿಗೂ ಇರುವುದಿಲ್ಲ.

ಶನಿವಾರ ನೀರು ಕಟ್ಟಿದೆವು. ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನೊಬ್ಬನೇ ಹೊಳೆ ದಂಡೆಗೆ ಹೋದೆ. ಬಡಗಿಗಳು ಬಾಗಿಲು ಉಜ್ಜುವ ಒರಟು ಉಪ್ಪು ಕಾಗದದ ಚೂರು ಸಿಕ್ಕಿತ್ತು. ಕಿಟಕಿಯೊಳಗೆ ಅದನ್ನು ತೂರಿಸಿ ಪಾಯಿಂಟನ್ನು ಚೆನ್ನಾಗಿ ಉಜ್ಜಿದೆ. ಆಮೇಲೆ, ಇದು ನನ್ನ ಸ್ವಂತ ಬುದ್ಧಿ, ತುಕ್ಕು ಹಿಡಿಯದಿರಲಿ ಎಂದು ಅವ್ವನ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಬುಧವಾರ ಎಂಜಿನ್ನು ಒಂದೇ ಎಳೆತಕ್ಕೆ ಗುಡುಗಿದಾಗ ಹೇಳಿ ಶಭಾಷ್ ಅನ್ನಿಸಿಕೊಳ್ಳಬೇಕೆಂದಿದ್ದೆ.

ಬುಧವಾರ ಅಪ್ಪ ಹಗ್ಗ ಎಳೆದರು. ಎಂಜಿನ್ನು ಕೆಮ್ಮಲೂ ಇಲ್ಲ.

ಐವತ್ತು ಸಲ ಎಳೆದಿರಬೇಕು. ಅಂಗೈ ಬೊಬ್ಬೆ ಬಂದಿತು. ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಹೇಳಬೇಕು ಅನ್ನಿಸಿತು. ಅಪ್ಪನ ಮುಖ ನೋಡಿ ನಾಲಗೆ ಹೊರಳಲಿಲ್ಲ.

ಅಪ್ಪ ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, ನನ್ನ ಕೈಲಿ ಹಗ್ಗ ಎಳೆಸಿದರು. ಪ್ಲಗ್ಗಿನ ತುದಿಯಲ್ಲಿ ಸಣ್ಣ ಕಿಡಿ ಕಾಣಿಸಿತು. "ಕಿಡಿ ಬತ್ತಾ ಅದೆ. ಕರೆಂಟಿಂದೇನೂ ತೊಂದ್ರೆ ಇಲ್ಲ. ಪ್ಲಗ್ಗೇ ಹಳೇದಾಗಿರಬೇಕು" ಎಂದರು. ನಾನು ಬಾಯಿ ಮುಚ್ಚಿಕೊಂಡಿರಲು ಆ ಕಿಡಿ ಒಂದು ನೆಪವಾಯಿತು. ಕಿಡಿ ಬರುತ್ತಿದೆಯಲ್ಲ, ಅಂದ ಮೇಲೆ ತಪ್ಪು ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಅಪ್ಪ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ ಹೊಸ ಮೈಕೊ ಪ್ಲಗ್ ತಂದರು. ಆಗಲಿಲ್ಲ. ಶುಕ್ರವಾರ ಪೆಟ್ರೋಲಿಗೆ ನೀರು ಸೇರಿದೆಯೇನೋ ಎಂದು ಟ್ಯಾಂಕು ತೊಳೆದು ಹೊಸ ಪೆಟ್ರೋಲು ಹಾಕಿದರು. ಕಾರ್ಬುರೇಟರು ಬಿಚ್ಚಿ ಊದಿದರು. ಆಗಲಿಲ್ಲ. ಪಕ್ಕದ ತಾಕಿನವರ ಎಂಜಿನ್ನು ಕೇಳಿದರೆ ಅವರದ್ದೂ ಹೊಡೆ ಬತ್ತವೇ, ಅವರ ನೀರು ಮುಗಿಯಬೇಕಾದರೆ ಭಾನುವಾರ ಆಗುತ್ತದೆಂದರು. ಗದ್ದೆಯಲ್ಲಿ ಬಿರುಕು ಕಾಣಿಸಿತು. ಮೇಲಿನ ತುದಿಯ ಪೈರಿನ ಗರಿ ಮಧ್ಯಾಹ್ನದ ಹೊತ್ತಿಗೆ ಚಾಪೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಆ ರಾತ್ರಿ ಅವ್ವ ಊಟಕ್ಕೆ ಬಡಿಸುತ್ತಾ, "ಬಿಂದಿಗೇಲಿ ಗದ್ದೆಗೆ ನೀರು ಹೊಯ್ಯಕ್ಕಾದದಾ?" ಎಂದಳು. ಅದು ಯಾರಿಗೂ ಕೇಳಿದ ಪ್ರಶ್ನೆಯಲ್ಲ. ನನಗೆ ಮಾತ್ರ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಜಾವಾ ಮೇಸ್ತ್ರಿಯನ್ನು ಕರೆತಂದರು.

ಅವರ ಹೆಸರು ಬೇರೆ ಇತ್ತು, ಸುತ್ತಮುತ್ತ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದು ನೆಲೆಸಿದ್ದರು. ನಿಮ್ಮ ತಾತಂದಿರನ್ನು ಕೇಳಿ, ಜಾವಾ ಗಾಡಿಯ ಸದ್ದು ಹೇಗಿತ್ತೆಂದು ಹೇಳುತ್ತಾರೆ. 1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಮೋಟಾರ್ ಸೈಕಲ್ಲಿಗೆ ಆಮೇಲೆ ಯೆಜ್ದಿ ಎಂಬ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೇಸ್ತ್ರಿ ಬಂದದ್ದೂ ಒಂದು ಹಳೆಯ ಜಾವಾ ಮೇಲೆಯೇ.

ಬಂದವರೇ ಎಂಜಿನ್ನು ಮುಟ್ಟಲಿಲ್ಲ. ನೆರಳಲ್ಲಿ ಕೂತು, ನೀರು ಕುಡಿದು, ಅಪ್ಪನನ್ನು ಒಂದೊಂದೇ ಕೇಳಿದರು. "ಯಾವಾಗಿಂದ ಹಿಂಗೆ? ಒಂದೇ ಸಲಕ್ಕೆ ನಿಂತೋಯ್ತೋ, ದಿನಾ ವಸಿ ವಸಿ ಕಮ್ಮಿಯಾಯ್ತೋ? ಕೊನೇಲಿ ನಿಲ್ಸಿದ್ದು ಪೆಟ್ರೋಲಲ್ಲೋ ಸೀಮೆಣ್ಣೇಲೋ? ಆಮ್ಯಾಕೆ ಯಾರಾದ್ರೂ ಕೈ ಹಾಕುದ್ರಾ?"

"ಯಾರೂ ಇಲ್ಲ ಮೇಸ್ತ್ರಿ" ಎಂದರು ಅಪ್ಪ. ನಾನು ಹೊಳೆ ಕಡೆ ನೋಡುತ್ತಿದ್ದೆ.

"ಕಿಡಿ ಬತ್ತಾ ಅದೆ" ಎಂದು ಅಪ್ಪ ಹೇಳಿದಾಗ ಮೇಸ್ತ್ರಿ ನಕ್ಕರು. "ಬಯಲಲ್ಲಿ ಎಲ್ಲಾರೂ ಗಂಡಸ್ರೇ ಕಣಪ್ಪ. ಒಳಗೆ ಒತ್ತಡದಲ್ಲಿ ಹಾರ್ತದಾ ಅಂತ ನೋಡ್ಬೇಕು."

ಆ ಮಾತಿನ ಅರ್ಥ ನನಗೆ ತಿಳಿದದ್ದು ಮುಂದೆ ಕಾಲೇಜಿನಲ್ಲಿ. ಹೊರಗಿನ ಗಾಳಿಯಲ್ಲಿ ಪ್ಲಗ್ಗಿನ ಸಣ್ಣ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜು ಬೇಡ. ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಅದುಮಿ ಒತ್ತಿರುತ್ತದೆ. ಒತ್ತಿದ ಗಾಳಿಯಲ್ಲಿ ಅದೇ ಸಂದು ದಾಟಲು ಎಷ್ಟೋ ಪಟ್ಟು ಹೆಚ್ಚು ವೋಲ್ಟೇಜು ಬೇಕು. ಹೊರಗೆ ಚೆನ್ನಾಗಿ ಕಾಣಿಸಿದ ಬಡ ಕಿಡಿ ಒಳಗೆ ಹೋದರೆ ಹಾರುವುದೇ ಇಲ್ಲ. ಅದನ್ನು ಹೊರಗೇ ಪರೀಕ್ಷೆ ಮಾಡಬೇಕಾದರೆ ಸಂದನ್ನು ಹೆಚ್ಚಿಸಬೇಕು. ಮೇಸ್ತ್ರಿ ಪ್ಲಗ್ ವೈರಿನ ತುದಿಯನ್ನು ಎಂಜಿನ್ನಿನ ಮೈಯಿಂದ ಮೂರು ಬೆಂಕಿಕಡ್ಡಿಗಳಷ್ಟು ದೂರ ಇಟ್ಟು, ಒಣಗಿದ ಬಿದಿರ ಕಡ್ಡಿಯಿಂದ ಒತ್ತಿ ಹಿಡಿದರು. ಒಳ್ಳೆಯ ಕಿಡಿಯಾದರೆ ಅಷ್ಟು ದೂರವನ್ನು ಚಟ್ ಎಂದು ಹಾರಬೇಕು.

"ಬಿಸಿಲಲ್ಲಿ ಬಣ್ಣ ಕಾಣಾಕಿಲ್ಲ. ಕಂಬಳಿ ತನ್ನಿ" ಎಂದರು.

ಮೊದಲು ಪೆಟ್ರೋಲಿನ ಕಾಕ್ ಮುಚ್ಚಿ, ಪೆಟ್ರೋಲ್ ಡಬ್ಬವನ್ನು ಇಪ್ಪತ್ತು ಮಾರು ದೂರ ಕಳಿಸಿದರು. ಪ್ಲಗ್ಗಿನ ತೂತಿಗೆ ಹಳೆಯ ಪ್ಲಗ್ಗನ್ನು ತಿರುಗಿಸಿ ಮುಚ್ಚಿದರು. ಆಮೇಲೆ ಎಂಜಿನ್ನಿನ ಮೇಲೂ ನಮ್ಮಿಬ್ಬರ ತಲೆಯ ಮೇಲೂ ಕಂಬಳಿ ಹೊದೆಸಿಕೊಂಡರು. ನಾನೇ ಯಾಕೆ ಅವರ ಪಕ್ಕದಲ್ಲಿ ಕೂತೆ ಎಂದರೆ, ಹಗ್ಗ ಎಳೆಯುವ ಬಲ ಅಪ್ಪನಿಗೇ ಇತ್ತು. ಕಂಬಳಿಯೊಳಗೆ ಕತ್ತಲೆ, ಕುರಿ ಉಣ್ಣೆಯ ವಾಸನೆ, ಮೇಸ್ತ್ರಿಯ ಬೀಡಿಯ ವಾಸನೆ. "ಎಳೀರಿ" ಎಂದರು. ಅಪ್ಪ ಎಳೆದರು. ಕಿಡಿ ಹಾರಲೇ ಇಲ್ಲ. ದೂರವನ್ನು ಒಂದು ಕಡ್ಡಿಯಷ್ಟಕ್ಕೆ ಇಳಿಸಿದರು. ಈಗ ಹಾರಿತು, ಸೊರಗಿದ ಕೆಂಪು ಕಿಡಿ, ದಾಸವಾಳದ ಕೇಸರದಷ್ಟು ತೆಳ್ಳಗೆ.

"ನೋಡುದ್ಯಾ? ಕೆಂಪುಗೆ ಅದೆ. ಒಳ್ಳೆ ಕಿಡಿ ನೀಲಿಗಿರ್ತದೆ, ಸದ್ದು ಮಾಡ್ತದೆ."

ಕಂಬಳಿ ಸರಿಸಿ, ಚಕ್ರದ ಕಿಟಕಿಯೊಳಗೆ ಕಿರುಬೆರಳು ತೂರಿಸಿ, ಈಚೆಗೆ ತೆಗೆದು ಮೂಸಿದರು. ಒಂದು ಗಳಿಗೆ ಸುಮ್ಮನಿದ್ದರು. ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. "ಬಾರ್ಲಾ ಮಗ, ಇನ್ನೊಂದ್ಸಲ ನೋಡವ" ಎಂದು ಮತ್ತೆ ಕಂಬಳಿ ಹೊದೆಸಿದರು.

ಕತ್ತಲೆಯಲ್ಲಿ ಮೆಲ್ಲಗೆ ಕೇಳಿದರು: "ಕೊಬ್ರಿ ಎಣ್ಣೆ ಯಾವತ್ತು ಬುಟ್ಟೆ?"

ಅಪ್ಪ ಎರಡು ಮಾರು ದೂರದಲ್ಲಿ ಹಗ್ಗ ಹಿಡಿದು ನಿಂತಿದ್ದರು. ಅವರ ಉಸಿರು ನನಗೆ ಕೇಳಿಸುತ್ತಿತ್ತು. ನಾನು ಅಳುತ್ತಲೇ ಹೇಳಿದೆ, "ಭಾನುವಾರ ತಾತ. ಉಪ್ಪು ಕಾಗ್ದದಲ್ಲೂ ಉಜ್ದೆ."

"ಹೂಂ. ಇನ್ನೇನ್ ಮಾಡ್ದೆ?"

"ಇನ್ನೇನೂ ಇಲ್ಲ ತಾತ."

"ದಿಟವಾ? ಸರಿಯಾಗಿ ಹೇಳು. ನೀನು ಎಷ್ಟು ಹೇಳ್ತೀಯೋ ಅಷ್ಟು ಬ್ಯಾಗ ನೀರು ಬತ್ತದೆ."

"ದಿಟ ತಾತ."

ಅಷ್ಟೇ. ಕಂಬಳಿ ತೆಗೆದು, "ಪಾಯಿಂಟ್ ಕೊಳೆಯಾಗದೆ ಕಣಪ್ಪ. ಚಕ್ರ ಬಿಚ್ಬೇಕು" ಎಂದು ಅಪ್ಪನಿಗೆ ಹೇಳಿದರು.

ಚಕ್ರದ ನಟ್ಟು ಬಿಚ್ಚಿ, ಪುಲ್ಲರು ಹಾಕಿ ಚಕ್ರವನ್ನು ಈಚೆಗೆ ತೆಗೆದರು. ಅದನ್ನು ನೆಲಕ್ಕೆ ಕುಕ್ಕಲಿಲ್ಲ. ಗೋಣಿ ಹಾಸಿ ಮಗುವನ್ನು ಮಲಗಿಸಿದ ಹಾಗೆ ಇಟ್ಟು, ಒಳಗಿನ ಆಯಸ್ಕಾಂತಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಅಂಟಿಸಿದರು. ಹಳೆಯ ಕಾಲದ ಆಯಸ್ಕಾಂತಕ್ಕೆ ಪೆಟ್ಟು ಬಿದ್ದರೆ ಬಲ ಕುಗ್ಗುತ್ತದೆ, ಹಾಗೇ ಬರಿದೇ ಬಿಟ್ಟರೂ ಕುಗ್ಗಬಹುದು ಎಂದು ನನಗೆ ಹೇಳಿದರು. ಅಳು ನಿಲ್ಲಲಿ ಎಂದೋ ಏನೋ, ಪ್ರತಿಯೊಂದನ್ನೂ ನನಗೆ ತೋರಿಸಿ ತೋರಿಸಿ ಮಾಡಿದರು.

ಪಾಯಿಂಟಿನ ಎರಡು ಬಿಲ್ಲೆಗಳನ್ನೂ ಬೆಳಕಿಗೆ ಹಿಡಿದರು. ಒಂದರಲ್ಲಿ ಸಣ್ಣ ಗುಳಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಸಣ್ಣ ಗುಬುಟು. ಎರಡರ ಮೇಲೂ ಎಣ್ಣೆಯ ಜಿಡ್ಡು, ಜಿಡ್ಡಿನಲ್ಲಿ ಉಪ್ಪು ಕಾಗದದ ಮರಳು.

"ನಾನು ಉಜ್ಜಿ ಗುಳಿ ಬಿತ್ತಾ ತಾತ?" ಎಂದು ಪಿಸುಗುಟ್ಟಿದೆ.

"ಇಲ್ಲ ಕಣ್ಲಾ. ಎಣ್ಣೆ ನಿಂದು, ಮರಳು ನಿಂದು. ಈ ಗುಳಿ ನಿಂದಲ್ಲ. ಇದು ತಿಂಗಳಿಂದ ಆಗಿರೋದು."

ಮಕ್ಕಳೇ, ಆ ಮಾತು ಕೇಳಿದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದನ್ನು ಇವತ್ತಿಗೂ ಮರೆತಿಲ್ಲ. ಮೂರು ದಿನ ನಾನು ಇಡೀ ತಪ್ಪನ್ನು ಒಬ್ಬನೇ ಹೊತ್ತು ತಿರುಗಿದ್ದೆ. ಅದರಲ್ಲಿ ನನ್ನ ಪಾಲೆಷ್ಟು, ನನ್ನದಲ್ಲದ್ದು ಎಷ್ಟು ಎಂದು ತಿಳಿದದ್ದು ಬಾಯಿ ಬಿಟ್ಟ ಮೇಲೆಯೇ.

ಆ ಗುಳಿ ಹೇಗಾಯಿತು ಎಂಬುದನ್ನು ತಿಳಿಯಬೇಕಾದರೆ ಕಿಡಿ ಹೇಗೆ ಹುಟ್ಟುತ್ತದೆಂದು ತಿಳಿಯಬೇಕು. ಆಯಸ್ಕಾಂತವನ್ನು ತಂತಿ ಸುರುಳಿಯ ಹತ್ತಿರ ಆಡಿಸಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ್ದನ್ನು ಪಾಠದಲ್ಲಿ ಓದಿದ್ದೀರಿ. ಎಂಜಿನ್ನಿನ ಮ್ಯಾಗ್ನೆಟೋ ಅದೇ. ಚಕ್ರದೊಳಗೆ ಆಯಸ್ಕಾಂತ, ನಡುವೆ ಸುರುಳಿ. ಚಕ್ರ ತಿರುಗಿದಾಗ ದಪ್ಪ ತಂತಿಯ ಸುರುಳಿಯಲ್ಲಿ ಕರೆಂಟು ಹರಿಯುತ್ತದೆ. ಸರಿಯಾದ ಗಳಿಗೆಗೆ ಪಾಯಿಂಟು ಬಾಯಿ ತೆರೆದು ಆ ಕರೆಂಟನ್ನು ಕಡಿದು ಹಾಕುತ್ತದೆ. ತಟ್ಟನೆ ಕಡಿದಷ್ಟೂ ಒಳ್ಳೆಯದು. ಆಗ ಅದರ ಪಕ್ಕದಲ್ಲೇ ಸಾವಿರಾರು ಸುತ್ತು ಸುತ್ತಿರುವ ತೆಳು ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಎದ್ದು ಪ್ಲಗ್ಗಿನ ಸಂದನ್ನು ಹಾರುತ್ತದೆ.

ಆದರೆ ಹರಿಯುತ್ತಿರುವ ಕರೆಂಟು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ತೂಬು ಮುಚ್ಚಿದರೂ ನುಗ್ಗುವ ನೀರಿನ ಹಾಗೆ, ತೆರೆದ ಪಾಯಿಂಟಿನ ನಡುವೆಯೇ ಕಿಡಿಯಾಗಿ ಹಾರುತ್ತದೆ. ಅದನ್ನು ಒಂದು ಗಳಿಗೆ ತನ್ನೊಳಗೆ ತುಂಬಿಕೊಳ್ಳುವುದಕ್ಕೆ ಕಂಡೆನ್ಸರ್ ಎಂಬ ಹೆಬ್ಬೆರಳಿನಷ್ಟು ಡಬ್ಬಿ ಇದೆ. ಅದು ಕೆಟ್ಟರೆ ಕರೆಂಟು ತಟ್ಟನೆ ಕಡಿಯುವುದಿಲ್ಲ. ಪ್ಲಗ್ಗಿನಲ್ಲಿ ಹಾರಬೇಕಾದ ಬಲ ಪಾಯಿಂಟಿನಲ್ಲೇ ಉರಿದು ಹೋಗುತ್ತದೆ. ಒಂದು ಬಿಲ್ಲೆಯ ಲೋಹ ಕರಗಿ ಇನ್ನೊಂದಕ್ಕೆ ಅಂಟುತ್ತದೆ. ಗುಳಿ, ಗುಬುಟು ಅದರ ಗುರುತು.

ಮೇಸ್ತ್ರಿ ನಯವಾದ ಅರದಿಂದ ಬಿಲ್ಲೆಗಳನ್ನು ಸಮ ಮಾಡಿ, ಪೆಟ್ರೋಲಿನಲ್ಲಿ ತೊಳೆದು, ಕೊನೆಗೆ ಒಂದು ಹಳೆ ಪೋಸ್ಟ್ ಕಾರ್ಡಿನ ಚೂರನ್ನು ಬಿಲ್ಲೆಗಳ ನಡುವೆ ಎಳೆದು ಒರೆಸಿದರು. ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡುವುದು ನಿಲ್ಲುವ ತನಕ ಎಳೆದರು. ಪಾಯಿಂಟಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು ಹದಿನೈದು ಥೌ ಇಟ್ಟರು. ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಪ್ಲಗ್ಗಿನ ಸಂದಿಗೆ ಗರಗಸದ ಬ್ಲೇಡು ತೂರಿಸಿ ನೋಡಿದರು. ಮತ್ತೆ ಚಕ್ರ ಹಾಕಿ, ಮತ್ತೆ ಕಂಬಳಿ. ಕಿಡಿ ಎರಡು ಕಡ್ಡಿಯಷ್ಟು ದೂರ ಹಾರಿತು. ಬಣ್ಣ ಇನ್ನೂ ಕೆಂಪು.

"ನಿನ್ನ ಪಾಲು ಮುಗೀತು ಕಣ್ಲಾ. ಇನ್ನು ಎಂಜಿನ್ ಪಾಲು" ಎಂದು ನನಗಷ್ಟೇ ಕೇಳುವ ಹಾಗೆ ಅಂದರು.

ಕಂಡೆನ್ಸರನ್ನು ಅಳೆಯುವ ಮೀಟರು ಅವರಲ್ಲಿ ಇರಲಿಲ್ಲ. ಒಳ್ಳೆಯದೊಂದನ್ನು ಹಾಕಿ ನೋಡುವುದೇ ಅವರ ಪರೀಕ್ಷೆ. ತಮ್ಮ ಗಾಡಿಯ ಪೆಟ್ಟಿಗೆಯಿಂದ ಜಾವಾ ಗಾಡಿಯ ಕಂಡೆನ್ಸರ್ ಒಂದನ್ನು ತೆಗೆದರು. ಎಂಜಿನ್ನಿನದಕ್ಕೂ ಇದಕ್ಕೂ ಆಕಾರ ಬೇರೆ, ಕೆಲಸ ಒಂದೇ. ಕ್ಲಿಪ್ಪು ಕೂರಲಿಲ್ಲ. ತಗಡು ಕತ್ತರಿಸಿ ಪಟ್ಟಿ ಮಾಡಿ, ಅದರ ಮೈ ಎಂಜಿನ್ನಿನ ಮೈಗೆ ಗಟ್ಟಿಯಾಗಿ ತಾಗುವ ಹಾಗೆ ಬಿಗಿದರು. ಮೂರನೇ ಸಲ ಕಂಬಳಿ ಹೊದ್ದೆವು. "ಎಳೀರಿ!"

ಚಟ್! ಮೂರು ಕಡ್ಡಿಯಷ್ಟು ದೂರ, ಗುಬ್ಬಿ ಕುಕ್ಕಿದ ಸದ್ದು, ಬೆಂಕಿಯ ನಡುವಿನ ನೀಲಿ.

ಪ್ಲಗ್ ಹಾಕಿ, ಪೆಟ್ರೋಲ್ ಬಿಟ್ಟು, ಅಪ್ಪ ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಎಂಜಿನ್ನು ಗುಡುಗಿತು. ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಕಾವೇರಿ. ಅವ್ವ ಬದುವಿನ ಮೇಲೆ ನಿಂತು ನೀರಿಗೆ ಕೈ ಮುಗಿದಳು.

ಮೇಸ್ತ್ರಿ ಹೋಗುವಾಗ ಹಳೆಯ ಕಂಡೆನ್ಸರನ್ನು ನನ್ನ ಕೈಗಿಟ್ಟರು. ಗಾಡಿ ಒದ್ದು ಸ್ಟಾರ್ಟ್ ಮಾಡುತ್ತಾ, "ನಾನು ನಿಮ್ಮಪ್ಪಂಗೆ ಹೇಳಿಲ್ಲ. ಹೇಳದು ನಂದಲ್ಲ" ಎಂದರು.

ಆ ರಾತ್ರಿ ಬೆಳದಿಂಗಳಲ್ಲಿ ಅಪ್ಪನೂ ನಾನೂ ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಿದ್ದೆವು. ಗುದ್ದಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಮಡಿ ತುಂಬುವ ತನಕ ಸುಮ್ಮನಿದ್ದು, ಆಮೇಲೆ ಅಂದರು:

"ಬುಧವಾರ ಹೇಳಿದ್ದಿದ್ರೆ ಗುರುವಾರ ನೀರಾಯ್ತಿತ್ತು ಕಣ್ಲಾ."

ಅಷ್ಟೇ ಮಾತು. ಎರಡು ಏಟು ಬಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಬತ್ತ ಕೊಯ್ದಾಗ ಕೆಳಗಿನ ಮಡಿಗಳು ಕೈ ಹಿಡಿದವು. ಮೇಲಿನ ತುದಿಯ ಎರಡು ಮಡಿ ಜೊಳ್ಳು. ಅವ್ವ ಮೊರದಲ್ಲಿ ತೂರುವಾಗ ಹಾರಿ ಹೋದದ್ದನ್ನು ನೋಡುತ್ತಾ ನಿಂತಿದ್ದೆ. ಅದು ಗುರುವಾರದ ಬತ್ತ, ಶುಕ್ರವಾರದ ಬತ್ತ ಎಂದು ನನಗೆ ಗೊತ್ತಿತ್ತು.

ಮುಂದೆ ನಾನು ವಿಜ್ಞಾನವನ್ನೇ ಓದಿದೆ. ಆ ಕಿಡಿಯ ಬಗ್ಗೆ ಎಲ್ಲೇ ಏನೇ ಸಿಕ್ಕರೂ ಓದುತ್ತಿದ್ದೆ. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಹೈ ವೋಲ್ಟೇಜ್ ಮ್ಯಾಗ್ನೆಟೋವನ್ನು ಸಿದ್ಧಗೊಳಿಸಿದ್ದು 1902ರಲ್ಲಿ. ಅದೇ 1902ರಲ್ಲಿ, ನಮ್ಮೂರ ಮುಂದೆ ಹಾದು ಹೋಗುವ ಇದೇ ಕಾವೇರಿ ಕೆಳಗೆ ಶಿವನಸಮುದ್ರದಲ್ಲಿ ಚಕ್ರ ತಿರುಗಿಸಿ, ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಲು ಶುರು ಮಾಡಿದಳು. ಅಲ್ಲಿಯೂ ಆಯಸ್ಕಾಂತ, ಸುರುಳಿ. ನಮ್ಮ ಎಂಜಿನ್ನಿನಲ್ಲಿಯೂ ಆಯಸ್ಕಾಂತ, ಸುರುಳಿ. ಅಪ್ಪ ತಂದ ಮೈಕೊ ಪ್ಲಗ್ಗು ಅದೇ ಬಾಷ್ ಕಂಪನಿಯ ನೆರವಿನಿಂದ 1951ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಕಂಪನಿಯದು. ಪಾಪ, ಆ ಪ್ಲಗ್ಗಿನದೇನೂ ತಪ್ಪಿರಲಿಲ್ಲ.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ನಮ್ಮ ಎಂಜಿನ್ನು ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ದುಡಿಯುತ್ತಿತ್ತಲ್ಲ, ಹೊರದೇಶದ ಕೆಲವು ಹಳೆಯ ಟ್ರಾಕ್ಟರುಗಳಲ್ಲಿ ಇದಕ್ಕೆ ಎರಡು ಎಂಜಿನ್ನುಗಳೇ ಇದ್ದವು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಆದರೆ ಗಾಳಿಯನ್ನು ವಿಪರೀತ ಅದುಮಬೇಕು. ಚಳಿ ದೇಶದಲ್ಲಿ ಅದನ್ನು ಕೈಯಲ್ಲಿ ತಿರುಗಿಸುವುದು ಮನುಷ್ಯನಿಂದಾಗದ ಮಾತು, ಬ್ಯಾಟರಿಯೂ ಚಳಿಗೆ ಸೋಲುತ್ತದೆ. ಅದಕ್ಕೆ ಅಮೇರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರ ತನ್ನ ಡೀಸೆಲ್ ಟ್ರಾಕ್ಟರಿನ ಪಕ್ಕದಲ್ಲಿ ಒಂದು ಸಣ್ಣ ಪೆಟ್ರೋಲ್ ಎಂಜಿನ್ನು ಕೂರಿಸಿತು. ಮೊದಲು ಸಣ್ಣದನ್ನು ಎಬ್ಬಿಸುವುದು, ಸಣ್ಣದು ದೊಡ್ಡದನ್ನು ಎಬ್ಬಿಸುವುದು. ರಷ್ಯಾದ ಕಡೆಯ ಬೆಲಾರಸ್ ಟ್ರಾಕ್ಟರುಗಳ ಕೆಲವು ಮಾದರಿಗಳಲ್ಲಿ ಪಿಡಿ-10 ಎಂಬ ಎಂಜಿನ್ನು ಇತ್ತು. ಒಂದೇ ಸಿಲಿಂಡರು, ಹತ್ತು ಕುದುರೆ ಶಕ್ತಿ, ಮ್ಯಾಗ್ನೆಟೋ ಕಿಡಿ, ಸ್ಟಾರ್ಟ್ ಮಾಡಲು ನಮ್ಮ ಹಾಗೆಯೇ ಹಗ್ಗ! ಆ ಪುಟ್ಟ ಎಂಜಿನ್ನಿನ ಕಿಡಿ ಸೊರಗಿದರೆ ಟನ್ನುಗಟ್ಟಲೆ ತೂಕದ ಟ್ರಾಕ್ಟರು ಹೊಲದಲ್ಲಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಅಲ್ಲಿಯೂ ನೋಡಬೇಕಾದ್ದು ಇದೇ ಪಾಯಿಂಟು, ಇದೇ ಕಂಡೆನ್ಸರು.

ಹಳೆಯ ಎಂಜಿನ್ನು ಇನ್ನೂ ಇಟ್ಟುಕೊಂಡಿರುವ ಮನೆಯ ಮಕ್ಕಳಿಗಾಗಿ, ಕಿಡಿ ಸೊರಗಿದರೆ ನೋಡಬೇಕಾದ ಕ್ರಮವನ್ನು ಮೇಸ್ತ್ರಿ ಹೇಳಿದಂತೆ ಬರೆಯುತ್ತೇನೆ:

1. ಮೊದಲು ಪೆಟ್ರೋಲಿನ ಕಾಕ್ ಮುಚ್ಚಿ, ಡಬ್ಬ ದೂರ ಇಡಿ. ದೊಡ್ಡವರು ಜೊತೆಗಿಲ್ಲದೆ ಮುಟ್ಟಬೇಡಿ. ಮ್ಯಾಗ್ನೆಟೋ ಹೊಡೆದರೆ ಆಳು ಮಗುಚಿ ಬೀಳುತ್ತಾನೆ.

2. ಪ್ಲಗ್ ಒದ್ದೆಯಾಗಿದೆಯೇ, ಮಸಿ ಹಿಡಿದಿದೆಯೇ ನೋಡಿ. ಒರೆಸಿ, ಸಂದು ಸರಿಮಾಡಿ.

3. ಪ್ಲಗ್ಗಿನ ವೈರು ಬಿರಿದಿದೆಯೇ ಎಂದು ಕತ್ತಲೆಯಲ್ಲಿ ನೋಡಿ. ಬಿರಿದ ಕಡೆಯಿಂದ ಕಿಡಿ ಕದ್ದು ಎಂಜಿನ್ನಿನ ಮೈಗೆ ಹಾರುತ್ತದೆ.

4. ಪಾಯಿಂಟು ಸ್ವಚ್ಛವಿರಲಿ, ಒಣಗಿರಲಿ. ಒರಟು ಉಪ್ಪು ಕಾಗದ ಬೇಡ. ಎಣ್ಣೆ ಬೇಡವೇ ಬೇಡ!

5. ಪಾಯಿಂಟಿನಲ್ಲಿ ಗುಳಿ, ಗುಬುಟು ಇದ್ದರೆ ಕಂಡೆನ್ಸರಿನ ಮೇಲೆ ಅನುಮಾನ ಪಡಿ.

6. ಇಷ್ಟಾದರೂ ಕಿಡಿ ಕೆಂಪಾಗಿಯೇ ಇದ್ದರೆ ಸುರುಳಿ, ಆಮೇಲೆ ಆಯಸ್ಕಾಂತ.

7. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಎಂದು ಎಂದಿಗೂ ತಿಳಿಯುವುದಿಲ್ಲ.

8. ಎಲ್ಲಕ್ಕಿಂತ ಮೊದಲು, ಯಾರು ಏನು ಮಾಡಿದ್ದರು ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಎಂಟನೆಯದನ್ನೇ ಮೊದಲು ಬರೆಯಬೇಕಿತ್ತು. ನನಗೆ ಅದು ತಿಳಿದದ್ದು ಕೊನೆಯಲ್ಲಾದ್ದರಿಂದ ಕೊನೆಗೆ ಬರೆದಿದ್ದೇನೆ.

ಈಗ ಹೊಳೆ ದಂಡೆಯಲ್ಲಿ ಸೀಮೆಎಣ್ಣೆ ಎಂಜಿನ್ನಿನ ಸದ್ದು ಅಪರೂಪ. ಹೊಸ ಬೈಕುಗಳಲ್ಲಿ ಪಾಯಿಂಟೂ ಇಲ್ಲ, ಎಲ್ಲ ಎಲೆಕ್ಟ್ರಾನಿಕ್. ಅಪ್ಪನೂ ಇಲ್ಲ, ಜಾವಾ ಮೇಸ್ತ್ರಿಯೂ ಇಲ್ಲ. ಆ ಹಳೆಯ ಕಂಡೆನ್ಸರ್ ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಇನ್ನು ನಮ್ಮ ಗ್ಯಾಲ್ವನೋಮೀಟರಿನ ವಿಷಯ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅದನ್ನು ಬಿಚ್ಚುತ್ತೇನೆ. ಯಾರಿಗೆ ಅದರ ಬಗ್ಗೆ ಏನು ಗೊತ್ತೋ ಬಂದು ಹೇಳಿ. ಹೆಸರು ಬೋರ್ಡಿನ ಮೇಲೆ ಬರೆಯುವುದಿಲ್ಲ, ಹೆಡ್ ಮಾಸ್ಟರಿಗೂ ಹೇಳುವುದಿಲ್ಲ. ಬಿದ್ದದ್ದೋ, ಬ್ಯಾಟರಿಗೆ ನೇರವಾಗಿ ಜೋಡಿಸಿದ್ದೋ, ಮುಳ್ಳನ್ನು ಬೆರಳಿನಿಂದ ತಳ್ಳಿದ್ದೋ ಅಷ್ಟು ತಿಳಿದರೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. ಬಹುಶಃ ಅದು ನೀವು ಮುಟ್ಟುವ ಮುಂಚೆಯೇ ಅರ್ಧ ಕೆಟ್ಟಿತ್ತೋ ಏನೋ. ಅದನ್ನೂ ಒಟ್ಟಿಗೇ ನೋಡೋಣ.

ಕಂಬಳಿ ಬೇಕೆಂದರೆ ನಾನೇ ಮನೆಯಿಂದ ತರುತ್ತೇನೆ.

ಇಂತಿ ನಿಮ್ಮ,
ವಿಜ್ಞಾನದ ಮೇಷ್ಟ್ರು